ಶಾಲೆ ಬಿಟ್ಟ ಮೇಲಿನ ತರಗತಿ

ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯುವಾಗಲೇ ಸಂಘಮಿತ್ರಾಗೆ ದಣಿವಾಗಿತ್ತು. ರಾತ್ರಿ ನಿದ್ದೆ ಬಂದಿತ್ತು, ಮೈಯಲ್ಲಿ ಜ್ವರವೂ ಇರಲಿಲ್ಲ, ಆದರೂ ಇಡೀ ದಿನದ ಕೆಲಸ ಮುಗಿಸಿ ಬಂದವಳ ಹಾಗೆ ಕಾಲುಗಳು ಜಡವಾಗಿದ್ದವು. ಇವತ್ತು ಶಾಲೆಯ ಕಮಿಟಿಯ ಮುಂದೆ ಮತ್ತೆ ಕೂರಬೇಕು. ಹೋದ ವರ್ಷ ಒಮ್ಮೆ ಕೂತಿದ್ದಳು. ಅವರು ನೋಡೋಣ ಅಂದಿದ್ದರು. ದೀಪಾವಳಿ ಆದ ಮೇಲೆ ಮತ್ತೊಮ್ಮೆ ಕೂತಿದ್ದಳು. ಅವರು ಚಹಾ ಕುಡಿದು ಎದ್ದಿದ್ದರು. ಬಂಕಾಪುರದ ಹತ್ತಿರ ಹೆದ್ದಾರಿಗೆ ಅಂಟಿಕೊಂಡಿರುವ ಆ ಖಾಸಗಿ ಶಾಲೆಯಲ್ಲಿ ಅವಳು ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುತ್ತಾಳೆ. ಕಲಿಸುತ್ತಾಳೆ ಅನ್ನುವುದೂ ದೊಡ್ಡ ಮಾತೇ. ಶನಿವಾರ ಒಂದು ಪೀರಿಯಡ್ಡು, ಅದರಲ್ಲೂ ಕವಾಯತು ಇದ್ದರೆ ಇಲ್ಲ. ಹೆಸರು, ಬಣ್ಣ, ಹಣ್ಣು, ನಮಸ್ಕಾರ, ಹೇಗಿದ್ದೀರಿ. ವಾರ್ಷಿಕೋತ್ಸವಕ್ಕೆ ಒಂದು ಹಾಡು. ಹೆದ್ದಾರಿಯ ಪಕ್ಕದಲ್ಲಿ ಶಾಲೆಯವರು ನಿಲ್ಲಿಸಿದ ದೊಡ್ಡ ಬೋರ್ಡಿನಲ್ಲಿ ಸ್ಪ್ಯಾನಿಷ್ ಎಂಬ ಅಕ್ಷರದ ಹಿಂದೆ ಪ್ಯಾರಿಸ್ಸಿನ ಕಬ್ಬಿಣದ ಗೋಪುರ ನಿಂತಿದೆ. ಅದು ಬೇರೆ ದೇಶದ್ದು ಎಂದು ಸೇರಿದ ಮೊದಲ ತಿಂಗಳಲ್ಲೇ ಹೇಳಿದ್ದಳು. ಶಾಲೆಯವರು ನಕ್ಕು, ಪೇಂಟ್ ಆಗಿಹೋಗಿದೆಯಲ್ಲ ಅಂದಿದ್ದರು. ಈಗ ಬಸ್ಸು ಆ ಬೋರ್ಡಿನ ಮುಂದೆ ಹಾದಾಗ ಅವಳು ಇನ್ನೊಂದು ಕಡೆಯ ಕಿಟಕಿ ನೋಡುತ್ತಾಳೆ.

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಅವ್ವ ಶಾರವ್ವ ತಿರುಗದೆಯೇ ಕೇಳಿದಳು, ಹತ್ತನೇ ಮಕ್ಕಳಿಗೆ ನೀನು ಕೇಳಿದ ಆ ಮೇಲಿನ ಸ್ಪ್ಯಾನಿಷ್ ತರಗತಿ ಇವತ್ತಾದರೂ ಪಾಸಾಗುತ್ತದೇನು ಎಂದು. ನೋಡೋಣ ಅಂದಳು ಸಂಘಮಿತ್ರಾ. ಅಪ್ಪ ಇದ್ದಿದ್ದರೆ ಜೊತೆಗೆ ಬರುತ್ತಿದ್ದ, ಹೊರಗೆ ಗಿಡದ ಕೆಳಗಾದರೂ ಕೂತಿರುತ್ತಿದ್ದ ಎಂದು ಅವ್ವ ಅಂದಾಗ ಅವಳ ಕೈ ನೆರಿಗೆಯ ಮೇಲೆ ನಿಂತಿತು. ಅಪ್ಪ ಹೂವಪ್ಪ ಅವಳನ್ನು ಹೈಸ್ಕೂಲಿಗೆ ಸೇರಿಸಲು ಬಂದಿದ್ದ. ಹೆಡ್ಮಾಸ್ತರರು ಅರ್ಜಿ ಕೈಯಲ್ಲಿ ಹಿಡಿದು, ಸಂಘಮಿತ್ರಾ, ಇದೆಂಥ ಹೆಸರೋ, ಯಾರು ಇಟ್ಟಿದ್ದು ಅಂದರು. ಅಪ್ಪ ಹೆಗಲಿನ ಟವೆಲ್ಲು ತೆಗೆದು ಮಡಚಿ ಕೈಯಲ್ಲಿ ಹಿಡಿದುಕೊಂಡು, ನಾವ ಇಟ್ಟೇವ್ರಿ, ಬುದ್ಧನ ಧರ್ಮಕ್ಕ ಬಂದ ಮ್ಯಾಲೆ ಇಟ್ಟೇವ್ರಿ, ಅಂದ. ಓಣಿಯ ಸಭೆಗಳಲ್ಲಿ ಗಂಟಲು ಬಿಚ್ಚಿ ಮಾತಾಡುತ್ತಿದ್ದ ಅದೇ ಮನುಷ್ಯ. ಆಮೇಲೆ ಅವರು ಹೇಳಿದ ಪ್ರತಿಯೊಂದಕ್ಕೂ, ಹಿಂದಿನ ಬೆಂಚಿನಲ್ಲಿ ಕೂರಲಿ ಅಂದದ್ದಕ್ಕೂ, ಆಗಲಿರಿ, ಆಗಲಿರಿ ಎಂದು ಗೋಣು ಹಾಕಿದ. ಹೊರಗೆ ಬಂದ ಮೇಲೆ ಅವಳು ಅಪ್ಪನ ಕೈ ಹಿಡಿಯಲಿಲ್ಲ. ಹಾನಗಲ್ಲಿನ ಪೇಟೆಯುದ್ದಕ್ಕೂ ಎರಡು ಹೆಜ್ಜೆ ಹಿಂದೆ ನಡೆದಳು. ಅಪ್ಪ ತಿರುಗಿ ನೋಡಿ, ಸೀಟು ಸಿಕ್ಕಿತಲ್ಲ, ನಮಗಷ್ಟು ಸಾಕು, ಅಂದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಭತ್ತದ ಗದ್ದೆಗಳು ಕೊಯ್ಲಾಗಿ ಬೋಳಾಗಿದ್ದವು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಕಂಡಕ್ಟರನಿಗೆ ಆಧಾರ್ ತೋರಿಸಿ ಸೊನ್ನೆ ಬರೆದ ಟಿಕೇಟು ಇಸಿದುಕೊಂಡು ಅವಳು ಕಮಿಟಿಯ ಮುಂದೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸತೊಡಗಿದಳು. ಇಲ್ಲಿಯವರೆಗೆ ನಾನು ಮಕ್ಕಳಿಗೆ ಇರುವುದನ್ನು ಹೇಳಲು ಕಲಿಸಿದ್ದೇನೆ. ಇದು ಮನೆ, ಇದು ಮರ, ನಾನು ಶಾಲೆಗೆ ಹೋಗುತ್ತೇನೆ. ಮೇಲಿನ ತರಗತಿಯಲ್ಲಿ ಇಲ್ಲದ್ದನ್ನು ಹೇಳಲು ಕಲಿಸಬೇಕು. ಬರಲಿ, ಆಗಲಿ, ಹಾಗಾಗಿದ್ದರೆ, ಆಗಬಾರದಿತ್ತು. ಆ ಭಾಷೆಯಲ್ಲಿ ಅದಕ್ಕೆ ಬೇರೆಯೇ ಕ್ರಿಯಾರೂಪಗಳಿವೆ, ಅವನ್ನು ಕಲಿಯದವನಿಗೆ ಆಸೆಯನ್ನೂ ಹೇಳಲಾಗುವುದಿಲ್ಲ, ಅನುಮಾನವನ್ನೂ ಹೇಳಲಾಗುವುದಿಲ್ಲ. ಹೈದರಾಬಾದಿನಲ್ಲಿ ಸ್ಕಾಲರ್‌ಶಿಪ್ಪಿನ ಮೇಲೆ ಓದುವಾಗ ಆ ರೂಪಗಳ ಮುಂದೆ ಅವಳು ವಾರಗಟ್ಟಲೆ ಅತ್ತಿದ್ದಳು. ಕೊನೆಗೆ ಒಂದು ಸಂಜೆ ಹಾಸ್ಟೆಲ್ಲಿನ ನಲ್ಲಿಯ ಮುಂದೆ ಬಟ್ಟೆ ಒಗೆಯುವಾಗ, ಅರೆ, ಇದು ನಮ್ಮ ‘ಬರಲಿ’ಯೇ ಅಲ್ಲವೇ ಅನ್ನಿಸಿ ಕೈಯಲ್ಲಿನ ಸಾಬೂನು ಜಾರಿತ್ತು. ಆಮೇಲೆ ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಕಾಣದ ಊರಿನ ಗಿರಾಕಿಗಳಿಗೆ ಸ್ಪ್ಯಾನಿಷ್ಷಿನಲ್ಲಿ ಉತ್ತರ ಬರೆಯುತ್ತ ಕೆಲವು ವರ್ಷ ಕಳೆದವು. ಆ ಕೆಲಸಕ್ಕೆ ಯಂತ್ರ ಬಂತು, ಅವಳು ಊರಿಗೆ ಬಂದಳು.

ಮಾಹೀರಾಗೆ ವಾರಗಟ್ಟಲೆ ಬೇಕಾಗಿರಲಿಲ್ಲ. ಒಂಬತ್ತನೇ ತರಗತಿಯ ಆ ಹುಡುಗಿ ಸವಣೂರಿನಿಂದ ದಿನಾ ಶಾಲೆಯ ವ್ಯಾನಿನಲ್ಲಿ ಬರುತ್ತಾಳೆ, ಎರಡನೇ ಸಾಲಿನ ಗೋಡೆಯ ಮಗ್ಗುಲಿಗೆ ಕೂರುತ್ತಾಳೆ. ಒಂದು ಶನಿವಾರ ಸಂಘಮಿತ್ರಾ ಸುಮ್ಮನೆ, ಪಾಠದಲ್ಲಿ ಇಲ್ಲದಿದ್ದರೂ, ‘ಓಹಲಾ’ ಎಂಬ ಶಬ್ದ ಬರೆದಿದ್ದಳು. ಹಾಗೇ ಆಗಲಪ್ಪ ಅನ್ನುವಾಗ ಆ ಜನ ಹೇಳುವ ಮಾತು. ಮಾಹೀರಾ ಕೈ ಎತ್ತದೆ, ತನಗೆ ತಾನೇ ಅನ್ನುವ ಹಾಗೆ, ಇದರಲ್ಲಿ ಅಲ್ಲಾ ಇದ್ದಾನೆ ಅಂದಳು. ತರಗತಿ ನಕ್ಕಿತು. ಸಂಘಮಿತ್ರಾ ನಗಲಿಲ್ಲ, ಏಕೆಂದರೆ ಅದು ನಿಜವಾಗಿತ್ತು. ಅರಬರು ಆಳಿದ ಕಾಲದಲ್ಲಿ ಆ ನೆಲದಲ್ಲಿ ಉಳಿದುಕೊಂಡ ಮಾತು ಅದು, ಹೈದರಾಬಾದಿನಲ್ಲಿ ಪ್ರೊಫೆಸರರು ಹೇಳುವವರೆಗೆ ಅವಳಿಗೂ ತಿಳಿದಿರಲಿಲ್ಲ. ಅಂದಿನಿಂದ ಊಟದ ಬಿಡುವಿನಲ್ಲಿ ಮಾಹೀರಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮೇಲಿನ ತರಗತಿ ಬೇಕು ಎಂದು ಕಮಿಟಿಗೆ ಬರೆಯುವಾಗ ಸಂಘಮಿತ್ರಾ ‘ವಿದ್ಯಾರ್ಥಿಗಳ ಬೇಡಿಕೆಯಿದೆ’ ಎಂದು ಬರೆದಿದ್ದಳು. ಬಹುವಚನ ಸುಳ್ಳಾಗಿತ್ತು. ಬೇಡಿಕೆ ಒಬ್ಬಳದು, ಅಥವಾ ತನ್ನದೂ ಸೇರಿದರೆ ಇಬ್ಬರದು.

ಬಸ್ಸು ಹೆದ್ದಾರಿ ಸೇರುವ ಹೊತ್ತಿಗೆ ಫೋನು ಬಂತು. ಮಾಹೀರಾಳ ತಾಯಿ ಫರ್ಹತ. ಸಂಘಮಿತ್ರಾ ಆಕೆಯನ್ನು ಒಮ್ಮೆ ಮಾತ್ರ ನೋಡಿದ್ದಳು, ಪಾಲಕರ ಸಭೆಯ ದಿನ. ಎಲ್ಲರೂ ಅಂಕಗಳ ವಿಷಯ ಕೇಳುತ್ತಿರುವಾಗ ಈಕೆ ಅಂಕದ ಹಾಳೆಯನ್ನು ಮಡಚಿ ಇಟ್ಟುಕೊಂಡು ಬೇರೆಯೇ ಮಾತು ತೆಗೆದಿದ್ದಳು. ಗಂಡ ಲಾರಿಯ ಮೇಲೆ ತಿಂಗಳುಗಟ್ಟಲೆ ಹೊರಗೆ, ಮನೆಯಲ್ಲಿ ಮೈದುನನ ಮಾತು ನಡೆಯುತ್ತದೆ, ಊರಲ್ಲೇ ಶಾಲೆ ಇರುವಾಗ ಹೆಣ್ಣುಹುಡುಗಿ ದಿನಾ ಅಷ್ಟು ದೂರ ಯಾಕೆ ಹೋಗಬೇಕು ಎಂದು ಅವನು ಹಟ ಹಿಡಿದಿದ್ದಾನೆ, ಎಂದಿದ್ದಳು. “ಇಲ್ಲಿ ಸಿಗಲಾರದ್ದು ಅಲ್ಲಿ ಏನೈತಿ ಅಂತ ಕೇಳ್ತಾನ್ರಿ ಟೀಚರ್. ಆಂವಗ ಕೊಡಾಕ ನನಗೊಂದು ಉತ್ತರ ಬೇಕ್ರಿ, ಅಷ್ಟ.” ಆ ದಿನ ಸಂಘಮಿತ್ರಾ ಮೇಲಿನ ತರಗತಿಯ ವಿಷಯ ಹೇಳಿದ್ದಳು, ಜಿಲ್ಲೆಯಲ್ಲಿ ಎಲ್ಲೂ ಇಲ್ಲದ್ದು ಎಂದು ಸೇರಿಸಿದ್ದಳು. ಈಗ ಫೋನಿನಲ್ಲಿ ಫರ್ಹತ ಕೇಳಿದ್ದೂ ಅದನ್ನೇ, ಇವತ್ತು ಏನಾದರೂ ತೀರ್ಮಾನ ಆಗುತ್ತದೆಯೇ, ಟಿಸಿ ತೆಗೆಸಲು ಮೈದುನ ಸೋಮವಾರ ಹೊರಟಿದ್ದಾನೆ. ಬಸ್ಸಿನ ಗದ್ದಲದಲ್ಲಿ ಸಂಘಮಿತ್ರಾ ಸ್ವಲ್ಪ ಜೋರಾಗಿಯೇ, “ಆಗ್ತೈತ್ರಿ ಅಕ್ಕಾ, ಚಿಂತಿ ಮಾಡಬ್ಯಾಡ್ರಿ” ಅಂದಳು. ಅಂದ ಮೇಲೆ ಪಕ್ಕದವಳು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು.

ಕಮಿಟಿ ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿತ್ತು. ಟ್ರಸ್ಟಿನ ಕಾರ್ಯದರ್ಶಿ ಪರಮೇಶ್ವರಪ್ಪನವರು ಮೇಜಿನ ಹಿಂದೆ, ಶಿಗ್ಗಾಂವಿಯಲ್ಲಿ ಪೆಟ್ರೋಲ್ ಪಂಪು ಇರುವ ಸದಸ್ಯ ಹಾಲೇಶ ಸೋಫಾದಲ್ಲಿ, ಪ್ರಿನ್ಸಿಪಾಲ್ ಸುಧಾರಾಣಿ ತನ್ನದೇ ಕೋಣೆಯಲ್ಲಿ ಮೂಲೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಸಂಘಮಿತ್ರಾಗೆ ಕುರ್ಚಿ ಇರಲಿಲ್ಲ. ತರಿಸುತ್ತೇವೆ ಅಂದರು, ತರಿಸಲಿಲ್ಲ. ನಿಂತೇ ಹೇಳತೊಡಗಿದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳು ಈ ಕೋಣೆಯಲ್ಲಿ ಯಾರದೋ ಭಾಷಣದ ಹಾಗೆ ಕೇಳಿಸಿದವು. ಇಲ್ಲದ್ದನ್ನು ಹೇಳಲು ಕಲಿಸಬೇಕು ಅಂದಾಗ ಹಾಲೇಶ ಫೋನಿನಿಂದ ಕಣ್ಣೆತ್ತಿ, ಇದ್ದದ್ದನ್ನೇ ಸರಿಯಾಗಿ ಹೇಳಿದರೆ ಸಾಕಾಗಿದೆ ನಮ್ಮ ಹುಡುಗರು ಅಂದ. ಸ್ಪ್ಯಾನಿಷ್ ಕಲಿತು ಹಾನಗಲ್ಲಿನಲ್ಲಿ ಯಾರ ಜೊತೆ ಮಾತಾಡುತ್ತಾರೆ ಎಂದು ಕೇಳಿದ. ಆಮೇಲೆ, ಸಿಟ್ಟಿಲ್ಲದೆ, ನಿಜವಾದ ಕುತೂಹಲದಿಂದಲೇ, ಸ್ವಲ್ಪ ಮಾತಾಡಿ ತೋರಿಸಿರಿ ಅಂದ. ಅವಳು ನಾಲ್ಕು ವಾಕ್ಯ ಹೇಳಿದಳು. ಹೊರಗೆ ಬಂಕಾಪುರದ ಕೋಟೆಯ ಕಡೆಯಿಂದ ನವಿಲೊಂದು ಕೂಗಿತು. ಹಾಲೇಶ ಕಿವಿಗೊಟ್ಟು ಕೇಳಿ, ಮರಾಠಿ ಇದ್ದ ಹಾಗಿದೆ ಅಂದ. ತಾನು ಏನು ಹೇಳಿದೆ ಎಂಬುದು ಆ ಕೋಣೆಯಲ್ಲಿ ತನಗೊಬ್ಬಳಿಗೇ ಗೊತ್ತು ಎಂಬುದು ಅವಳಿಗೆ ಹೊಳೆದು, ಒಂದು ಕ್ಷಣ ಅವರನ್ನೆಲ್ಲ ಆ ಭಾಷೆಯಲ್ಲಿ ಬಯ್ಯಬಹುದಿತ್ತು ಅನ್ನಿಸಿತು. ಅವಳು ಹೇಳಿದ್ದು ತನ್ನ ಹೆಸರು, ತನ್ನ ಊರು, ಇವತ್ತಿನ ಹವಾಮಾನ.

ಪರಮೇಶ್ವರಪ್ಪನವರು ಮೆದು ಮನುಷ್ಯ. ಅವರ ಮೆದುತನಕ್ಕೇ ಅವಳು ಹೆಚ್ಚು ಹೆದರುತ್ತಿದ್ದಳು. ಕಾಗದ ತಿರುವಿ, ಸಂಘಮಿತ್ರಾ, ಸಂಘಮಿತ್ರಾ ಎಂದು ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ, ಅಡ್ಡಹೆಸರೇನು ಎಂದು ಕೇಳಿದರು. ಅವರಿಗೆ ಗೊತ್ತಿತ್ತು, ನೇಮಕದ ದಿನವೇ ಕೇಳಿದ್ದರು. ಅವಳು ಹೇಳಿದಳು. ಹಾನಗಲ್ಲಿನಲ್ಲಿ ಯಾವ ಓಣಿ ಎಂದರು. ಅದನ್ನೂ ಹೇಳಿದಳು. ಅವರು ತಲೆದೂಗಿ, ನಿಮ್ಮಂಥವರ ಮನೆಯಿಂದ ಒಂದು ಹೆಣ್ಣುಮಗಳು ಹೊರದೇಶದ ಭಾಷೆ ಕಲಿಸುವಷ್ಟು ಮೇಲೆ ಬಂದದ್ದು ನೋಡಿದರೆ ನಮಗೆಲ್ಲ ಹೆಮ್ಮೆ ಅಂದರು. ಹಾಲೇಶನೂ ಹೌದೆಂದ. ಸುಧಾರಾಣಿ ನೆಲ ನೋಡಿದಳು. ಥ್ಯಾಂಕ್ಯೂ ಸರ್ ಎಂದು ತನ್ನ ಬಾಯಿ ಹೇಳಿದ್ದು ಸಂಘಮಿತ್ರಾಗೆ ತುಸು ತಡವಾಗಿ ಕೇಳಿಸಿತು.

ಆಮೇಲಿನದು ಬೇಗ ಬೇಗ ಆಯಿತು. ಪಕ್ಕದ ಊರಿನ ಶಾಲೆಯವರು ಜರ್ಮನ್ ಶುರುಮಾಡುತ್ತಾರಂತೆ, ನಾವೂ ಏನಾದರೂ ಮೇಲಿನದು ಮಾಡಲೇಬೇಕು ಅಂದ ಹಾಲೇಶ. ವರ್ಷವಿಡೀ ಅವಳು ಬರೆದು ತಿದ್ದಿ ಬರೆದ ಪಠ್ಯಕ್ರಮದ ಯಾವ ಪುಟವೂ ಮಾಡದ ಕೆಲಸವನ್ನು ಆ ಒಂದು ಸುದ್ದಿ ಮಾಡಿತು. ಮಂಜೂರು ಅಂದರು ಪರಮೇಶ್ವರಪ್ಪನವರು. ಉಳಿದದ್ದು ಸಮಯದ ಪ್ರಶ್ನೆ. ಹತ್ತನೇ ತರಗತಿಗೆ ಬೋರ್ಡು ಪರೀಕ್ಷೆ ಇರುವುದರಿಂದ ಹಗಲು ಪೀರಿಯಡ್ಡು ಕೊಡಲು ಬರುವುದಿಲ್ಲ ಎಂದಳು ಸುಧಾರಾಣಿ. ಶಾಲೆ ಬಿಟ್ಟ ಮೇಲೆ, ಹಾಸ್ಟೆಲ್ಲಿನ ಮಕ್ಕಳು ಹೇಗೂ ಇಲ್ಲೇ ಇರುತ್ತಾರೆ, ಅವರಿಗಾಗಿ ಸಂಜೆ ಇಡಬಹುದು. ಚೊಲೋ ಆಯಿತು ಅಂದ ಹಾಲೇಶ. ಅವನ ಮಗ ಹಾಸ್ಟೆಲ್ಲಿನಲ್ಲಿದ್ದ, ಸಂಜೆ ಹೊತ್ತು ಹುಡುಗರು ಫೋನು ಹಿಡಿದು ಕೂರುವುದು ತಪ್ಪುತ್ತದೆ. ಸವಣೂರಿನ ವ್ಯಾನು ಶಾಲೆ ಬಿಟ್ಟ ಕೂಡಲೇ ಹೊರಡುತ್ತದೆ. ಅದು ಸಂಘಮಿತ್ರಾಗೆ ಗೊತ್ತಿತ್ತು, ಸುಧಾರಾಣಿಗೂ ಗೊತ್ತಿತ್ತು. ವ್ಯಾನು ಒಂದು ತಾಸು ನಿಲ್ಲಬಹುದೇ ಎಂಬ ವಾಕ್ಯ ಅವಳ ಬಾಯಲ್ಲಿ ಪೂರ್ತಿಯಾಗಿ ಕಟ್ಟಿಕೊಂಡಿತು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಆ ಇನ್ನೊಂದರಲ್ಲಿ. ಕೇಳಿದರೆ ವ್ಯಾನಿನ ಲೆಕ್ಕ ಬರುತ್ತದೆ, ಬೇರೆ ಊರುಗಳ ವ್ಯಾನಿನ ಮಾತು ಬರುತ್ತದೆ, ಇದನ್ನು ಮುಂದಿನ ಸಭೆಗೆ ಇಡೋಣ ಅನ್ನುತ್ತಾರೆ, ಮತ್ತೆ ಒಂದು ವರ್ಷ. ಪರಮೇಶ್ವರಪ್ಪನವರು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ನೋಡಿದರು. “ಏನಂತೀರಿ ಮೇಡಂ? ನಡೀತೈತಲ್ಲ?”

“ಆಗಲಿ ಸರ್” ಅಂದಳು. ಹೇಳುವಾಗ ಅವಳ ಎರಡೂ ಕೈ ಸೆರಗಿನ ತುದಿಯನ್ನು ಮಡಚಿ ಮಡಚಿ ಹಿಡಿದಿದ್ದವು. ಅಪ್ಪನ ಟವೆಲ್ಲು ನೆನಪಾಗಿ ಕೈ ಬಿಟ್ಟಳು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈಕುಲುಕಿದರು. ಸುಧಾರಾಣಿ ಧಾರವಾಡದ ಪೇಢೆಯ ಡಬ್ಬಿಯೊಂದನ್ನು ತಂದು ಕೈಗಿಟ್ಟಳು, ಏನೋ ಹೇಳಲು ನಿಂತ ಹಾಗೆ ನಿಂತಳು, ಹೋದಳು. ಹಾನಗಲ್ ಬಸ್ಸು ಎದುರಿಗೇ ನಿಂತಿತ್ತು. ಫೋನು ಮಾಡಿ ಹೇಳಿದರೂ ನಡೆಯುತ್ತಿತ್ತು. ಆದರೆ ಬೆಳಿಗ್ಗೆಯ ಆ ಫೋನಿನ ಮಾತು ನೆನಪಾದಾಗಲೆಲ್ಲ ಕಿವಿಯ ಹಿಂದೆ ಬಿಸಿಯಾಗುತ್ತಿತ್ತು. ಅವಳು ಸವಣೂರಿನ ಬಸ್ಸು ಹತ್ತಿದಳು. ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳಿದಳು. ಇಷ್ಟಕ್ಕೂ ಒಂಬತ್ತು ಮಂದಿ ಹಾಸ್ಟೆಲ್ ಮಕ್ಕಳು ಕಲಿಯುತ್ತಾರಲ್ಲ ಎಂದು ದಾರಿಯುದ್ದಕ್ಕೂ ತನಗೇ ಹೇಳಿಕೊಂಡಳು. ಶುರುವಾಗಲಿ, ಶುರುವಾದದ್ದನ್ನು ಆಮೇಲೆ ತಿದ್ದಬಹುದು. ಅಪ್ಪನೂ ಹೀಗೆಯೇ ತನಗೆ ತಾನು ಹೇಳಿಕೊಂಡಿರಬೇಕು ಅನ್ನಿಸಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಮನೆ ಕೇಳಿಕೊಂಡು ಹೋದಾಗ ಫರ್ಹತ ನಡುಮನೆಯಲ್ಲಿ ಒದ್ದೆ ಗೋಣಿಯ ಮುಂದೆ ಕೂತು ವೀಳ್ಯದೆಲೆ ಆರಿಸುತ್ತಿದ್ದಳು. ದೊಡ್ಡೆಲೆ ಒಂದು ಕಡೆ, ಸಣ್ಣೆಲೆ ಒಂದು ಕಡೆ, ತುದಿ ಹರಿದದ್ದು ಮತ್ತೊಂದು ಕಡೆ, ಬೆರಳುಗಳು ಹಸಿರಾಗಿದ್ದವು. ಟೀಚರನ್ನು ನೋಡಿ ಗಡಬಡಿಸಿ ಎದ್ದು, “ಬರ್ರಿ, ಕುಂದರ್ರಿ, ಒಳಗ ಬರ್ರಿ” ಎಂದು ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಸುದ್ದಿ ಕೇಳಲಿಲ್ಲ; ಮನೆಗೆ ಬಂದವರಿಗೆ ಚಹಾ ಕೊಡುವ ಮುಂಚೆ ಸುದ್ದಿ ಕೇಳಬಾರದು ಅನ್ನುವ ಹಾಗೆ ನೇರ ಒಳಗೆ ಹೋದಳು. ಮಾಹೀರಾ ತಾಯಿಯ ಜಾಗದಲ್ಲಿ ಕೂತು ಎಲೆ ಜೋಡಿಸತೊಡಗಿದಳು. ಒಳಗೆ ಸ್ಟೋವಿನ ಸದ್ದಾಯಿತು. ಸಂಘಮಿತ್ರಾ ದನಿ ತಗ್ಗಿಸಿ ಮಾಹೀರಾಗೆ ಹೇಳಿದಳು: ಮಂಜೂರಾಯಿತು, ಆದರೆ ಸಂಜೆ, ವ್ಯಾನು ಹೋದ ಮೇಲೆ, ಹಾಸ್ಟೆಲ್ಲಿನವರಿಗೆ. ಹೇಳಿದ್ದು ಮೂರೇ ಮಾತು. ಮಾಹೀರಾಳ ಕೈ ನಿಲ್ಲಲಿಲ್ಲ. ಒಂದು ಎಲೆಯ ಮೇಲೆ ಇನ್ನೊಂದು ಎಲೆ, ತೊಟ್ಟು ಒಂದೇ ಕಡೆ ಬರುವ ಹಾಗೆ. ಹೂಂ ಅಂದಳು. ಮೊದಲೇ ಗೊತ್ತಿದ್ದವರ ಹಾಗೆ.

ಫರ್ಹತ ಚಹಾ ತಂದು, ಕಪ್ಪು ಕೈಗಿಟ್ಟು, ಈಗ ಕೇಳಬಹುದು ಅನ್ನುವ ಹಾಗೆ ಎದುರಿಗೆ ಕೂತಳು. ಏನಾಯಿತು ಎಂದಳು. ಸಂಘಮಿತ್ರಾ ಬಾಯಿ ತೆರೆಯುವ ಮುಂಚೆ ಮಾಹೀರಾ ತಲೆ ಎತ್ತದೆ ಹೇಳಿಬಿಟ್ಟಳು.

“ಕ್ಲಾಸ್ ಪಾಸ್ ಆಗೈತಿ ಅಮ್ಮೀ. ನನಗ ಬ್ಯಾಡ ಅದು. ಭಾಳ ಕಠಿಣ ಐತಿ, ನನ್ನ ಕಡೆ ಆಗಂಗಿಲ್ಲ.”

ಫರ್ಹತ ಮಗಳನ್ನು ನೋಡಿದಳು, ಟೀಚರನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು. ಮಗಳಿಗೆ ಉರ್ದುವಿನಲ್ಲಿ ಏನೋ ಬಯ್ದಳು, ಆಮೇಲೆ ಸಂಘಮಿತ್ರಾ ಕಡೆ ತಿರುಗಿ, ಇವಳ ಸಲುವಾಗಿ ನೀವು ಎಷ್ಟು ತ್ರಾಸು ತೆಗೆದುಕೊಂಡಿರಿ, ದೊಡ್ಡವರ ಮುಂದೆ ಹೋಗಿ ನಿಂತಿರಿ, ಇದಕ್ಕೆ ಅದರ ಕದರಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ ಅಂದಳು. ಮಗಳ ತಪ್ಪು ತನ್ನದೇ ಅನ್ನುವ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಚಹಾ ಬಹಳ ಸಿಹಿಯಿತ್ತು. ಸಂಘಮಿತ್ರಾ ಕುಡಿದಳು. ಒಂದು ಗುಟುಕು, ಎರಡು ಗುಟುಕು. ಇರಲಿ ಬಿಡಿರಿ, ಹುಡುಗರು ಎಂದು ಹೇಳಿ ಎದ್ದುಬಿಟ್ಟರೆ ಮುಗಿಯುತ್ತಿತ್ತು. ಆ ಹುಡುಗಿ ಅದಕ್ಕೆಂದೇ ಬಾಗಿಲು ತೆರೆದು ಹಿಡಿದಿದ್ದಳು. ಫರ್ಹತ ಮಗಳನ್ನು ಎಬ್ಬಿಸಿ ನಿಲ್ಲಿಸಿದಳು. ಟೀಚರ್‌ಗೆ ಮಾಫಿ ಕೇಳು, ಅವರು ಕಲಿಸಿದ ಭಾಷೆಯಲ್ಲೇ ಕೇಳು ಅಂದಳು.

ಮಾಹೀರಾ ಎದ್ದು ನಿಂತು, ಹಸಿರು ಬೆರಳುಗಳನ್ನು ಒರೆಸಿಕೊಂಡು, ಸಂಘಮಿತ್ರಾಳ ಕಣ್ಣನ್ನೇ ನೋಡುತ್ತ, “ಪೆರ್ದೋನಮೆ” ಅಂದಳು.

ದೊಡ್ಡವರಿಗೆ ಹೇಳುವಾಗ ಅದು ‘ಪೆರ್ದೋನೆಮೆ’ ಆಗಬೇಕು. ಆ ಒಂದು ಸ್ವರದಲ್ಲಿ ನಮ್ಮ ‘ರಿ’ ಇದೆ. ಮಾಹೀರಾ ಹೇಳಿದ್ದು ಗೆಳತಿಗೆ ಹೇಳುವ ಮಾತು, ಸರಿಜೋಡಿಗೆ ಹೇಳುವ ಮಾತು. ಇಡೀ ವರ್ಷದಲ್ಲಿ ಆ ಹುಡುಗಿ ಈ ತಪ್ಪು ಒಮ್ಮೆಯೂ ಮಾಡಿರಲಿಲ್ಲ. ತಿದ್ದಲು ಸಂಘಮಿತ್ರಾಳ ನಾಲಿಗೆ ಅಭ್ಯಾಸದಿಂದ ಮೇಲೆದ್ದಿತು. ತಿದ್ದಲಿಲ್ಲ. ಕಪ್ಪನ್ನು ನೆಲಕ್ಕಿಟ್ಟಳು.

“ಆಕಿ ಸುಳ್ಳ ಹೇಳಾಕತ್ತಾಳ್ರಿ ಅಕ್ಕಾ” ಅಂದಳು. “ಸಂಜಿ ವ್ಯಾನ್ ಹೋದ ಮ್ಯಾಲೆ ಕ್ಲಾಸ್ ಇಟ್ಟಾರ. ಹಾಸ್ಟೆಲ್ ಹುಡುಗರಿಗಷ್ಟ. ಈಕಿಗೆ ಬರಾಕ ಆಗಂಗಿಲ್ಲ.”

“ನೀವ ಅಲ್ಲೇ ಇದ್ರಲ್ರಿ?”

“ಇದ್ದೆ ರೀ. ನಾನ ಆಗಲಿ ಅಂದು ಬಂದೇನಿ.”

ಫರ್ಹತ ಬಯ್ಯುತ್ತಾಳೆ ಎಂದು ಸಂಘಮಿತ್ರಾ ಕಾದಳು, ಬಯ್ದರೆ ಒಳ್ಳೆಯದು ಎಂದೂ ಅಂದುಕೊಂಡಳು. ಫರ್ಹತ ಎದೆಯ ಮೇಲಿನ ಕೈ ತೆಗೆದಳು, ಕಪ್ಪು ಎತ್ತಿಕೊಂಡಳು, ಬಾಗಿಲ ಕಡೆ ನೋಡಿ, ಹೊತ್ತು ಮುಳುಗುತ್ತ ಬಂತು, ನಿಮ್ಮ ಬಸ್ಸು ತಪ್ಪೀತು ಅಂದಳು. ದನಿಯಲ್ಲಿ ಒರಟಿರಲಿಲ್ಲ. ಬಂದಾಗ ಇದ್ದದ್ದೇನೋ ಅದರಲ್ಲಿ ಈಗ ಇರಲಿಲ್ಲ, ಅಷ್ಟೇ. ಪೇಢೆಯ ಡಬ್ಬಿ ಕೊಡಲು ಚೀಲಕ್ಕೆ ಕೈ ಹಾಕಿದ ಸಂಘಮಿತ್ರಾ ಅದನ್ನು ಹಾಗೇ ಬಿಟ್ಟು ಹೊರಗೆ ಬಂದಳು.

ಓಣಿಯ ತಿರುವಿನಲ್ಲಿ ಹಿಂದೆ ಚಪ್ಪಲಿಯ ಸದ್ದಾಯಿತು. ಮಾಹೀರಾ ಓಡಿ ಬಂದಿದ್ದಳು. ಉಸಿರು ಸಿಕ್ಕುವವರೆಗೆ ಗೋಡೆ ಹಿಡಿದು ನಿಂತಳು. ಅವಳ ಮುಖ ತರಗತಿಯಲ್ಲಿ ಎಂದೂ ಕಾಣದಷ್ಟು ಕೆಂಪಾಗಿತ್ತು.

“ನಾ ಹೇಳಿದ್ದು ನಿಮಗ ಸಾಕಾಗಲಿಲ್ಲೇನ್ರಿ ಮಿಸ್?” ಅಂದಳು. “ಮಗಳು ಓದಾಕ ವಲ್ಲೆ ಅಂದ್ಲು ಅಂತ ಅಮ್ಮೀ ಚಾಚಾಗ ಹೇಳಿದ್ರ ಆಕಿ ಮಾತು ಉಳೀತಿತ್ತು. ಈಗ ಏನಂತ ಹೇಳ್ತಾಳ? ಸಾಲ್ಯಾಗ ನಮ್ಮನ್ನ ಬಿಟ್ರು ಅಂತ ಹೇಳ್ಬೇಕು.”

ಸಂಘಮಿತ್ರಾಗೆ ಸತ್ಯ ಹೇಳಿದೆ ಎಂಬ ಹಗುರ ಇಷ್ಟು ಹೊತ್ತು ಎದೆಯಲ್ಲಿ ಎಲ್ಲೋ ಇತ್ತು. ಅದು ತನ್ನೊಬ್ಬಳದೇ ಹಗುರವಾಗಿತ್ತು ಎಂದು ಈಗ ಗೊತ್ತಾಯಿತು. ಸೋಮವಾರದೊಳಗೆ ಮತ್ತೆ ಕೇಳಿ ನೋಡುತ್ತೇನೆ ಎಂದು ಹೇಳಲು ಹೊರಟಳು, ವಾಕ್ಯ ಅರ್ಧಕ್ಕೆ ನಿಂತಿತು. ಮಾಹೀರಾ ಕಾದಳು, ವಾಕ್ಯ ಮುಗಿಯುವುದಿಲ್ಲ ಎಂದು ಗೊತ್ತಾದ ಮೇಲೆ ದುಪಟ್ಟಾ ತಲೆಯ ಮೇಲೆ ಸರಿಮಾಡಿಕೊಂಡು, ಹುಷಾರಾಗಿ ಹೋಗಿರಿ ಎಂದು ಹೇಳಿ ತಿರುಗಿದಳು. ಆ ‘ರಿ’ ಮರಳಿ ಬಂದಿತ್ತು. ಅದರಿಂದ ಸಮಾಧಾನವಾಗಲಿಲ್ಲ.

ಬಂಕಾಪುರದಲ್ಲಿ ಬಸ್ಸು ಬದಲಿಸಿ ಕೂತಾಗ ಸುಧಾರಾಣಿಯ ಮೆಸೇಜು ಬಂದಿತ್ತು. ಹೊಸ ತರಗತಿಯ ಪ್ರಕಟಣೆ ನಾಳೆ ಬೆಳಿಗ್ಗೆಯೇ ಪಾಲಕರ ಗ್ರೂಪಿಗೆ ಹೋಗಬೇಕಂತೆ, ಕಾರ್ಯದರ್ಶಿಗಳು ಹೇಳಿದ್ದಾರೆ, ನೀವೇ ಬರೆದರೆ ಚೆನ್ನಾಗಿರುತ್ತದೆ. ಕೊನೆಯಲ್ಲಿ ಕೈಮುಗಿದ ಚಿತ್ರ. ಸಂಘಮಿತ್ರಾ ವ್ಯಾನಿನ ವಿಷಯ ಒಂದು ಸಾಲು ಬರೆದು ಕಳಿಸಿದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು: ಅಲ್ಲಿ ಸುಮ್ಮನಿದ್ದು ಈಗ ಕೇಳಿದರೆ ಎಲ್ಲವನ್ನೂ ಮತ್ತೆ ಕಮಿಟಿಗೆ ಇಡುತ್ತಾರೆ, ಯೋಚನೆ ಮಾಡಿರಿ. ಕಿಟಕಿಯ ಹೊರಗೆ ಗದ್ದೆ ಕಾಣದಷ್ಟು ಮಬ್ಬಾಗಿತ್ತು. ಗಾಜಿನಲ್ಲಿ ತನ್ನ ಮುಖ, ಅದರ ಹಿಂದೆ ತೂಕಡಿಸುವ ಹೆಂಗಸರ ಮುಖಗಳು. ಯೋಚನೆ ಮಾಡಬೇಕೆಂದುಕೊಂಡಳು. ಆದರೆ ಯೋಚನೆಯ ಬದಲು ಮೈಯುದ್ದಕ್ಕೂ ಬೆಳಗಿನ ಆ ದಣಿವೇ ಹರಡಿತು, ಅವಳು ಪ್ರಕಟಣೆ ಬರೆಯತೊಡಗಿದಳು. ‘ನಮ್ಮ ಶಾಲೆಯಲ್ಲಿ ಜೂನ್ ತಿಂಗಳಿಂದ ಉನ್ನತ ಸ್ಪ್ಯಾನಿಷ್ ತರಗತಿ ಆರಂಭವಾಗಲಿದೆ ಎಂದು ತಿಳಿಸಲು ಹರ್ಷಿಸುತ್ತೇವೆ.’ ಯಾರು ಸೇರಬಹುದು ಎಂಬಲ್ಲಿ ‘ಆಸಕ್ತಿಯಿರುವ ಎಲ್ಲ ವಿದ್ಯಾರ್ಥಿಗಳು’ ಎಂದು ಬರೆದಳು. ಬಸ್ಸು ಯಾವುದೋ ಹಳ್ಳಿಯಲ್ಲಿ ನಿಂತು ಒಬ್ಬರನ್ನು ಇಳಿಸಿ ಹೊರಟಿತು. ಆ ಸಾಲನ್ನು ಅಳಿಸಿ, ‘ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಮಾತ್ರ’ ಎಂದು ಬರೆದಳು. ಅಕ್ಷರ ತಪ್ಪಿದೆಯೇ ಎಂದು ಟೀಚರಿನ ಕಣ್ಣಿನಿಂದ ಇನ್ನೊಮ್ಮೆ ಮೊದಲಿನಿಂದ ಓದಿದಳು. ಎಲ್ಲಿಯೂ ತಪ್ಪಿರಲಿಲ್ಲ. ಕಳಿಸಿದಳು.